ಹರಿಹರದ ಹೊಳೆ ದಂಡೆಯ ಡಬ್ಬಿ: ಮೂರನೇ ಸುಳಿವಿನಲ್ಲಿ ನಿಂತಿದ್ದೇವೆ

ಪಿಬಿ ರಸ್ತೆ:
ಎಲ್ಲರಿಗೂ ನಮಸ್ಕಾರ. ಹರಿಹರದಲ್ಲಿ ತುಂಗಭದ್ರಾ ಹೊಳೆ ದಂಡೆಗುಂಟ ಸುಳಿವು ಹಿಡಿದು ಹುಡುಕುವ ಜಿಯೋಕ್ಯಾಶ್ ಡಬ್ಬಿ (ಯಾರೋ ಬಚ್ಚಿಟ್ಟದ್ದನ್ನು ಅಕ್ಷಾಂಶ ರೇಖಾಂಶ ಹಿಡಿದು ಹುಡುಕುವ ಆಟದ ಡಬ್ಬಿ) ಇದೆಯಲ್ಲ, ಅದರ ಬಗ್ಗೆ ಕೇಳಬೇಕು. ನಾನು, ನನ್ನ ತಮ್ಮ, ಅವನ ಕಾಲೇಜಿನ ಇಬ್ಬರು ಗೆಳೆಯರು ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆವು. ಎರಡು ಸುಳಿವು ಬಿಡಿಸಿದೆವು. ಮೂರನೆಯದು ಬಗೆಹರಿಯುತ್ತಿಲ್ಲ.

ಗೊತ್ತಿಲ್ಲದವರಿಗಾಗಿ ಸುಳಿವುಗಳನ್ನು ಇಲ್ಲಿ ಹಾಕುತ್ತೇನೆ. ದಯವಿಟ್ಟು ಉತ್ತರ ಯಾರೂ ಬರೆಯಬೇಡಿ. ನಾವೇ ಹುಡುಕಬೇಕು ಅಂತ ಆಸೆ.

ಒಂದು:
ಅರ್ಧ ಮೈ ಅವನದು, ಅರ್ಧ ಮೈ ಇವನದು,
ಇಬ್ಬರಿಗೂ ಸೇರಿ ಒಂದೇ ಹೊಸಿಲು.
ಕೈ ಮುಗಿದು ಹೊರಗೆ ಬಾ,
ತಂಪು ಗಾಳಿ ಬಂದ ಕಡೆ ನಡಿ.

ಎರಡು:
ಕಾಲು ನೀರಿನಲ್ಲಿ, ಬೆನ್ನ ಮೇಲೆ ದಾರಿ,
ಅಜ್ಜನ ಅಜ್ಜ ನೋಡಿದಾಗಲೂ ಹೀಗೇ ನಿಂತಿದ್ದ.
ಅವನ ಕಾಲ ಸಂದುಗಳನ್ನು ಎಣಿಸಿಕೋ,
ಒಂದನ್ನೂ ಬಿಡಬೇಡ.

ಮೂರು:
ಬೇಸಿಗೆಗೆ ಉದ್ದ, ಮಳೆಗಾಲಕ್ಕೆ ಗಿಡ್ಡ,
ಮೇಲಿಂದ ಇಳಿ, ಬಸವ ಕಂಡಲ್ಲಿ ನಿಲ್ಲು.
ಇಳಿದಷ್ಟನ್ನು ಏಳರಿಂದ ಗುಣಿಸು,
ಹಿಂದಿನ ಲೆಕ್ಕ ಅದಕ್ಕೆ ಕೂಡಿಸು.

ಕೂಡಿಸಿ ಬಂದ ಅಂಕಿಯನ್ನು ಅಕ್ಷಾಂಶದ ಕೊನೆಯ ಮೂರು ಮನೆಗಳಲ್ಲಿ ಇಡಬೇಕು. ರೇಖಾಂಶ ಕೊಟ್ಟಿದ್ದಾರೆ. ಮೊದಲನೆಯದು ಹರಿಹರೇಶ್ವರ ಅಂತ ಯಾರಿಗಾದರೂ ತಿಳಿಯುತ್ತದೆ. ಎರಡನೆಯದು ಹಳೇ ಸೇತುವೆ. ಮೂರನೆಯದು ಮೆಟ್ಟಿಲು, ಅದೂ ಗೊತ್ತಾಯಿತು. ಆದರೆ ಅಲ್ಲಿ ಬಸವ ಕಾಣಲಿಲ್ಲ. ನೀರು ಮುಟ್ಟುವವರೆಗೆ ಎಣಿಸಿ ಲೆಕ್ಕ ಹಾಕಿದರೆ ಫೋನು ಹೊಳೆ ನಟ್ಟನಡುವೆ ತೋರಿಸುತ್ತಿದೆ.

ಇನ್ನೊಂದು ವಿಷಯ. ನಾವು ದಂಡೆಯ ಕಲ್ಲುಗಳ ಸುತ್ತ ಫೋನು ಹಿಡಿದು ತಿರುಗುತ್ತಿದ್ದಾಗ ಹಿರಿಯರೊಬ್ಬರು ಬಂದು, "ಯಾವೂರ್ರಪ್ಪಾ? ನಿಧಿ ಹುಡುಕ್ತಿದ್ದೀರಾ?" ಅಂದರು. ಮುಖ ಗಂಭೀರವಾಗಿಯೇ ಇತ್ತು. ಏನು ಹೇಳಬೇಕೆಂದು ತಿಳಿಯದೆ ಹುಡುಗರು ಸುಮ್ನೆ ನಿಂತರು. ಇಂಥ ಕಡೆ ಏನು ಉತ್ತರ ಕೊಡಬೇಕು?

ಹೊಳೆಸಾಲು:
ಡಬ್ಬಿ ಇಟ್ಟವಳು ನಾನೇ. ಇಷ್ಟು ಆಸ್ಥೆಯಿಂದ ಹುಡುಕಿದ್ದು ಓದಿ ತುಂಬಾ ಸಂತೋಷವಾಯಿತು. ಮೊದಲು ಒಂದು ಮಾತು, ಇದನ್ನು ಎಲ್ಲರೂ ಓದಿ: ಡಬ್ಬಿ ನೀರಿನಲ್ಲಿ ಇಲ್ಲ. ನೀರಿನ ಹತ್ತಿರವೂ ಇಲ್ಲ. ಯಾರೂ ಕಾಲು ನೆನೆಸಬೇಕಾಗಿಲ್ಲ. ಲೆಕ್ಕ ಹೊಳೆಯೊಳಗೆ ಕರೆದರೆ ಲೆಕ್ಕವನ್ನು ಬಿಡಿ, ಹೊಳೆಗೆ ಇಳಿಯಬೇಡಿ.

ನಿಮ್ಮ ಫೋನಿನ ಆಪ್‌ನಲ್ಲಿ ಅಂಕಿಗಳು ಯಾವ ರೂಪದಲ್ಲಿವೆ ನೋಡಿ. ಡಿಗ್ರಿ, ಮಿನಿಟು, ಸೆಕೆಂಡು ಅಂತ ಇದೆಯೋ? ಡಿಗ್ರಿ ಮತ್ತು ದಶಮಾಂಶದ ಮಿನಿಟು ಅಂತಲೋ? ನಾನು ಕೊಟ್ಟಿರುವುದು ಎರಡನೆಯದು.

ಪಿಬಿ ರಸ್ತೆ:
ಸೆಕೆಂಡು ಕೇಳುವ ಮನೆ ಇದೆ ಅಕ್ಕ. ಚುಕ್ಕಿ ಆದಮೇಲಿನ ಅಂಕಿಗಳನ್ನು ಅಲ್ಲಿ ಹಾಕಿದ್ದೆವು. ಇದರಿಂದ ಅಷ್ಟು ವ್ಯತ್ಯಾಸ ಆಗುತ್ತದಾ?

ಭೂಗೋಳ ಮೇಷ್ಟ್ರು:
ಆಗುತ್ತದೆ ಮಗೂ, ಬಹಳ ಆಗುತ್ತದೆ. ಶಾಲೆಯಲ್ಲಿ ಬಹಳ ಕಾಲ ಇದನ್ನೇ ಪಾಠ ಮಾಡಿದವನು ನಾನು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಹೋಗುವವರಿಗೂ ಉಪಯೋಗವಾಗಲಿ.

ಒಂದು ಡಿಗ್ರಿಗೆ 60 ಮಿನಿಟು, ಒಂದು ಮಿನಿಟಿಗೆ 60 ಸೆಕೆಂಡು. ಅಕ್ಷಾಂಶದ ಒಂದು ಮಿನಿಟು ನೆಲದ ಮೇಲೆ ಸುಮಾರು 1.85 ಕಿಲೋಮೀಟರ್. ಒಂದು ಸೆಕೆಂಡು ಸುಮಾರು 31 ಮೀಟರ್. ಜಿಯೋಕ್ಯಾಶ್ ಆಟದಲ್ಲಿ ವಾಡಿಕೆಯಾಗಿ ಬರೆಯುವುದು 14° 30.450' ಎಂಬ ರೀತಿಯಲ್ಲಿ. ಇದು ಡಬ್ಬಿಯ ಅಂಕಿ ಅಲ್ಲ, ಉದಾಹರಣೆಗೆ ಹೇಳುತ್ತಿದ್ದೇನೆ. ಇಲ್ಲಿ ಚುಕ್ಕಿಯ ನಂತರದ 450 ಅಂದರೆ ಮಿನಿಟಿನ ಸಾವಿರದಲ್ಲಿ 450 ಪಾಲು. ಸೆಕೆಂಡಿಗೆ ತಂದರೆ 27. ಅದನ್ನೇ 45.0 ಸೆಕೆಂಡು ಅಂತ ಹಾಕಿದರೆ 18 ಸೆಕೆಂಡು ಜಾಸ್ತಿಯಾಯಿತು. ಅಂದರೆ 550 ಮೀಟರ್ ಉತ್ತರಕ್ಕೆ ಸರಿದಂತೆ. ಹರಿಹರದಲ್ಲಿ ಹೊಳೆ ಊರಿಗೆ ಅಂಟಿಕೊಂಡು ಹರಿಯುತ್ತದೆ. ಅರ್ಧ ಕಿಲೋಮೀಟರ್ ಸರಿದರೆ ನೀರೇ ಸಿಗುತ್ತದೆ.

ಕೆಲವರು ಇನ್ನೊಂದು ರೀತಿಯಲ್ಲೂ ಹಾಕುತ್ತಾರೆ, ಡಿಗ್ರಿಗೇ ದಶಮಾಂಶ ಅಂತ ತಿಳಿದು. ಹರಿಹರದ 14° 30.750', 75° 48.400' ಎಂಬ ಜಾಗವನ್ನು 14.30750, 75.48400 ಅಂತ ಒತ್ತಿದರೆ ಫೋನು ಹೊನ್ನಾಳಿಗೂ ಶಿಕಾರಿಪುರಕ್ಕೂ ನಡುವೆ ಎಲ್ಲೋ ಕರೆದೊಯ್ಯುತ್ತದೆ. 40 ಕಿಲೋಮೀಟರಿಗೂ ಜಾಸ್ತಿ ದೂರ. ಸರಿಯಾದ ದಶಮಾಂಶ ಬೇಕಿದ್ದರೆ ಮಿನಿಟನ್ನು 60ರಿಂದ ಭಾಗಿಸಬೇಕು: 14.51250.

ಈಗ ಮೆಟ್ಟಿಲಿನ ಲೆಕ್ಕ ನೋಡಿ. ಕೊನೆಯ ಮನೆಯ ಒಂದು ಅಂಕಿ ಅಂದರೆ 1.85 ಮೀಟರ್. ಏಳರಿಂದ ಗುಣಿಸುವುದರಿಂದ ಒಂದು ಮೆಟ್ಟಿಲು ಹೆಚ್ಚುಕಮ್ಮಿಯಾದರೆ ಡಬ್ಬಿ ಸುಮಾರು 13 ಮೀಟರ್ ಆಚೀಚೆ. ಮೂರು ಮೆಟ್ಟಿಲು ನೀರಿನಡಿ ಇದ್ದರೆ ಹತ್ತಿರ ಹತ್ತಿರ 40 ಮೀಟರ್. ಫೋನಿನ ಜಿಪಿಎಸ್ ಬಯಲಿನಲ್ಲಿ 5 ಮೀಟರಿನ ಆಸುಪಾಸು ತೋರಿಸುತ್ತದೆ. ಮರದಡಿ, ಕಟ್ಟಡದ ಪಕ್ಕ ಇನ್ನೂ ಅಲ್ಲಾಡುತ್ತದೆ. ಆದ್ದರಿಂದ ಫೋನು ತೋರಿಸಿದ ಚುಕ್ಕಿಯ ಸುತ್ತ ಹತ್ತು ಹೆಜ್ಜೆ ಕಣ್ಣಿನಿಂದ ಹುಡುಕುವುದು ಯಾವಾಗಲೂ ಇದ್ದದ್ದೇ.

ಹೊಳೆಸಾಲು ಅವರಲ್ಲಿ ಒಂದು ವಿನಂತಿ. ಮೂರನೇ ಸುಳಿವು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಒಗಟು ಚೆನ್ನಾಗಿದೆ, ಲೆಕ್ಕಕ್ಕೆ ಆಗುವುದಿಲ್ಲ.

ಅಡಿಕೆ ಸಿಪ್ಪೆ:
ನಾನು ಚನ್ನಗಿರಿ ಕಡೆಯವನು. ಇದೆಲ್ಲ ಹೊಸದು ನನಗೆ. ಡಬ್ಬಿ ಅಂದರೆ ಏನು, ಒಳಗೆ ಏನಿರುತ್ತದೆ? ದುಡ್ಡಾ?

ಹಳೇ ಆಟಗಾರ:
ದುಡ್ಡು ಇರುವುದಿಲ್ಲ ಅಣ್ಣ. ಒಂದು ಚಿಕ್ಕ ಪುಸ್ತಕ ಇರುತ್ತದೆ. ಸಿಕ್ಕವರು ಹೆಸರು, ತಾರೀಕು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇದ್ದ ಹಾಗೆ ಇಟ್ಟು ಬರಬೇಕು. ಕೆಲವು ಡಬ್ಬಿಗಳಲ್ಲಿ ಗೋಲಿ, ಕೀಚೈನು, ಮಕ್ಕಳಾಟದ ಸಾಮಾನು ಇಟ್ಟಿರುತ್ತಾರೆ. ಒಂದು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ತಿನ್ನುವ ಪದಾರ್ಥ ಇಡುವಂತಿಲ್ಲ. ಇರುವೆ, ಇಲಿ, ಮಂಗ ಎಲ್ಲ ಬರುತ್ತವೆ.

ಆಟ ಶುರುವಾಗಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಬಿಡುತ್ತಿತ್ತು. ನೂರು ಮೀಟರಿನವರೆಗೂ ತಪ್ಪು ತೋರಿಸುತ್ತಿತ್ತು. ಆ ಮಸುಕನ್ನು ತೆಗೆದ ಮರುದಿನ, ಮೇ 3ರಂದು, ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದಲ್ಲಿ ಬೀವರ್‌ಕ್ರೀಕ್ ಎಂಬ ಊರಿನ ಹತ್ತಿರ ಬಕೆಟ್ಟೊಂದನ್ನು ಇಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕಿದ. ಸಿಗುತ್ತದೋ ಇಲ್ಲವೋ ನೋಡೋಣ ಅಂತ. ಬೇಗನೇ ಜನ ಹುಡುಕಿಕೊಂಡು ಹೋದರು. ಆಮೇಲೆ ಲೋಕದ ತುಂಬಾ ಹರಡಿತು. ಜಾಗದಿಂದ ಜಾಗಕ್ಕೆ ಸುಳಿವು ಹಿಡಿದು ಹೋಗುವ ಹರಿಹರದಂಥದ್ದನ್ನು ಮಲ್ಟಿ ಕ್ಯಾಶ್ ಅನ್ನುತ್ತಾರೆ. ಬಿಡಿಸುವುದು ಎಷ್ಟು ಕಷ್ಟ, ನಡೆಯುವುದು ಎಷ್ಟು ಕಷ್ಟ ಎಂದು 1ರಿಂದ 5ರವರೆಗೆ ಎರಡು ಅಂಕ ಕೊಟ್ಟಿರುತ್ತಾರೆ.

ನಿಧಿ ಅಂತ ಕೇಳಿದವರ ವಿಷಯ. ಈ ಆಟದಲ್ಲಿ ಒಂದು ಪದ್ಧತಿ ಇದೆ: ಆಟ ಗೊತ್ತಿಲ್ಲದವರ ಕಣ್ಣಿಗೆ ಬೀಳದಂತೆ ಹುಡುಕಬೇಕು. ಬಿದ್ದರೆ ಡಬ್ಬಿ ಕಳುವಾಗುತ್ತದೆ. ಸುಮ್ನೆ ಫೋಟೋ ತೆಗೆಯುವ ಹಾಗೆ ನಿಂತು, ಅವರು ಹೋದಮೇಲೆ ಕೈ ಹಾಕಬೇಕು. ಬೆಂಗಳೂರಿನ ಪಾರ್ಕುಗಳಲ್ಲಿ ನಾವು ಮಾಡುವುದು ಹಾಗೇ.

ಗದ್ದೆ ಬದು:
ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಓದಿ.

ನಮ್ಮ ಹೊಲ ಹೊಳೆಗೆ ಹತ್ತಿಕೊಂಡೇ ಇದೆ. ಭತ್ತ, ಸ್ವಲ್ಪ ಅಡಿಕೆ. ದಂಡೆ ಮೇಲೆ ಮೋಟರು ಇಟ್ಟಿದ್ದೇವೆ. ಅದರ ಕೇಬಲ್ಲು ಕತ್ತರಿಸಿ ತಾಮ್ರ ಒಯ್ಯುವವರು ಇದ್ದಾರೆ. ರಾತ್ರಿ ಉಸುಕು ತುಂಬುವವರು ಇದ್ದಾರೆ. ನಿಧಿ ಆಸೆಗೆ ಹಳೇ ಗುಡಿ ಅಗೆಯುವವರು, ಲಿಂಗದ ಪೀಠ ಕಿತ್ತವರು, ನಂದಿ ಒಡೆದವರು ನಮ್ಮ ಕಡೆ ಆಗಿಹೋಗಿದ್ದಾರೆ. ಊರಹೊರಗಿನ ಪಾಳು ಗುಡಿಯೊಳಗೆ ಹೋದರೆ ಎಷ್ಟೋ ಕಡೆ ಗರ್ಭಗುಡಿಯಲ್ಲಿ ಗುಂಡಿಯೇ ಕಾಣುತ್ತದೆ. ಅಂಥ ಕಡೆ ಗುರುತಿಲ್ಲದ ಹುಡುಗರು ಫೋನು ಹಿಡಿದು ಕಲ್ಲುಸಂದಿಗೆ ಕೈ ಹಾಕುತ್ತಿದ್ದರೆ, ಜನ ಬಂದಾಗ ಬೇರೆ ಕಡೆ ನೋಡುವಂತೆ ನಟಿಸಿದರೆ, ಯಾರು ತಾನೇ ಸುಮ್ಮನಿರುತ್ತಾರೆ? ಆ ಹಿರಿಯರು ಕೇಳಿದ್ದು ಸರಿಯಾಗಿಯೇ ಇದೆ. ಅವರು ಕೇಳುವವರೆಗೆ ಮಾತ್ರ ಆ ದಂಡೆಯ ಕಲ್ಲುಗಳು ಉಳಿಯುತ್ತವೆ.

ಹೊಳೆಸಾಲು ಅವರು ಡಬ್ಬಿ ಇಡುವ ಮೊದಲು ನಮ್ಮ ಮನೆಗೆ ಬಂದಿದ್ದರು. ಡಬ್ಬಿ ತೋರಿಸಿದರು, ತೆಗೆದು ಒಳಗಿನ ಪುಸ್ತಕ ತೋರಿಸಿದರು. ಅಪ್ಪ ಕನ್ನಡಕ ಹಾಕಿಕೊಂಡು ಎಲ್ಲ ಓದಿದರು. "ಇಡಮ್ಮ, ಆದರೆ ಅಲ್ಲಿ ಬೇಡ, ಅಲ್ಲಿಗೆ ನೀರು ಬರುತ್ತದೆ" ಅಂತ ಅವರೇ ಜಾಗ ತೋರಿಸಿದರು. 2019ರ ಆಗಸ್ಟಿನಲ್ಲಿ ಹೊಳೆ ಎಲ್ಲಿಯವರೆಗೆ ಬಂದಿತ್ತು ಅಂತ ಅಪ್ಪನಿಗೆ ಗೊತ್ತು. ಆ ಗುರುತಿಗಿಂತ ಮೇಲೆ ಈಗ ಡಬ್ಬಿ ಇದೆ. ಅವತ್ತಿನಿಂದ ಅಪ್ಪ ಎರಡು ದಿನಕ್ಕೊಮ್ಮೆ ಅದನ್ನು ನೋಡಿ ಬರುತ್ತಾರೆ. ಯಾರೂ ಕದ್ದಿಲ್ಲ. ಕದಿಯುವುದೂ ಇಲ್ಲ, ಯಾಕೆಂದರೆ ಅದು ಏನು ಅಂತ ಓಣಿಯವರಿಗೆಲ್ಲ ಗೊತ್ತಿದೆ.

ಹಾಗಾಗಿ ಪಿಬಿ ರಸ್ತೆಯವರೇ, ಯಾರಾದರೂ ಕೇಳಿದರೆ ಇದ್ದದ್ದನ್ನು ಹೇಳಿ. "ಅಜ್ಜಾರೇ, ಇಲ್ಲೊಂದು ಆಟದ ಡಬ್ಬಿ ಇಟ್ಟಿದ್ದಾರೆ, ಒಳಗೆ ಹೆಸರು ಬರೆಯುವ ಪುಸ್ತಕ ಇದೆ, ಹುಡುಕುತ್ತಿದ್ದೇವೆ" ಅನ್ನಿ. ನಾಚಿಕೆ ಪಡುವ ಕೆಲಸ ಏನೂ ಇಲ್ಲ.

ಹಳೇ ಆಟಗಾರ:
ನಿಮ್ಮ ಮಾತಿನಲ್ಲಿ ತೂಕ ಇದೆ. ಹೊಲದವರಿಗೆ ಹೇಳಿ ಇಡಬೇಕು ಎಂಬುದು ಆಟದ ನಿಯಮದಲ್ಲೂ ಇದೆ. ಜಾಗದ ಮಾಲೀಕರ ಒಪ್ಪಿಗೆ ಬೇಕು, ನೆಲ ಅಗೆದು ಹೂಳಬಾರದು. ಆದರೆ ಓಣಿಗೆಲ್ಲ ಗೊತ್ತಾದರೆ ಹುಡುಕುವುದರಲ್ಲಿ ರುಚಿ ಏನು ಉಳಿಯುತ್ತದೆ? ಯಾರಾದರೂ ಚಿಕ್ಕ ಹುಡುಗ ಓಡಿಬಂದು "ಅದೋ ಅಲ್ಲಿದೆ" ಅಂದುಬಿಟ್ಟರೆ ಸುಳಿವು ಬಿಡಿಸಿದ ಶ್ರಮ ಎಲ್ಲ ಹೋಯಿತು. ಈ ಒಂದು ವಿಷಯದಲ್ಲಿ ನಾನು ನನ್ನ ಮಾತಿಗೇ ನಿಲ್ಲುತ್ತೇನೆ.

ಗದ್ದೆ ಬದು:
ಹುಡುಗರು ಹೇಳುವುದಿಲ್ಲ. ಹೇಳಬಾರದು ಅಂತ ಅವರಿಗೆ ಗೊತ್ತು. ಹುಡುಕುವವರು ಹತ್ತಿರ ಬಂದಾಗ ಉಸಿರು ಬಿಗಿ ಹಿಡಿದು ನೋಡುತ್ತಾ ನಿಲ್ಲುತ್ತಾರೆ. ಅವರಿಗೂ ಅದು ಆಟವೇ.

ತುಂಗೆಯ ಮಗಳು:
ಗದ್ದೆ ಬದು ಅವರ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ನಾನು ಎರಡು ಮಕ್ಕಳನ್ನು ಕರೆದುಕೊಂಡು ಇದನ್ನು ಮಾಡಿದ್ದೇನೆ. ಡಬ್ಬಿ ಸಿಕ್ಕಿತು. ಆದರೆ ಮಕ್ಕಳೊಂದಿಗೆ ಹೋಗುವವರಿಗೆ ನೀರಿನ ಬಗ್ಗೆ ಹೇಳಲೇಬೇಕು. ಹೊಳೆ ಇಲ್ಲಿ ಶಾಂತವಾಗಿ ಕಾಣುತ್ತದೆ. ಉಸುಕು ತೆಗೆದು ತೆಗೆದು ತಳದಲ್ಲಿ ಆಳದ ಗುಂಡಿಗಳಾಗಿವೆ. ಮೊಣಕಾಲಷ್ಟು ನೀರು ಅಂತ ಇಳಿದರೆ ಮುಂದಿನ ಹೆಜ್ಜೆಗೆ ನೆಲವೇ ಸಿಗುವುದಿಲ್ಲ. ಈಜು ಬಂದವರೂ ಇಂಥ ಗುಂಡಿಗಳಲ್ಲಿ ಹೋಗಿದ್ದಾರೆ. ಮತ್ತೊಂದು, ಹರಿಹರದಲ್ಲಿ ಮೋಡ ಇಲ್ಲ, ಬಿಸಿಲಿದೆ ಅಂತ ನಂಬಿ ಕೂರಬೇಡಿ. ನಮ್ಮ ಹೊಳೆಗೆ ನೀರು ಬರುವುದು ಮಲೆನಾಡಿನಿಂದ. ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ. ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ ದಾಟಿ ನಮ್ಮೂರಿಗೆ ಬರುತ್ತವೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ, ಗಾಜನೂರಿನ ತುಂಗಾ ಅಣೆಕಟ್ಟಿನಲ್ಲಿ ಗೇಟು ಎತ್ತಿದರೆ, ಇಲ್ಲಿ ಒಣ ಬಿಸಿಲಿನಲ್ಲೇ ಹೊಳೆ ಏರುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಪತ್ರಿಕೆಯಲ್ಲಿ ಜಲಾಶಯದ ಮಟ್ಟ, ಹೊರಹರಿವು ನೋಡಿಕೊಂಡೇ ಹೊರಡಿ.

ನನ್ನ ಮಗಳು ಆವತ್ತು ಸೇತುವೆಯ ಕಮಾನುಗಳನ್ನು ಬೆರಳು ಮಡಚಿ ಎಣಿಸಿದಳು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯಿತು, ಆಮೇಲೆ ತಮ್ಮನ ಬೆರಳು ಹಿಡಿದಳು. ಆ ಸೇತುವೆ ಮೇಲೆ ನಾವು ರಾಣೆಬೆನ್ನೂರಿಗೆ ಎಷ್ಟೋ ಸಲ ಹೋಗಿದ್ದೇವೆ. ಕೆಳಗೆ ನಿಂತು ಯಾವತ್ತೂ ನೋಡಿರಲಿಲ್ಲ. ಕಲ್ಲಿನ ಕಂಬ, ಕಮಾನು, ನೀರು ಸೀಳಲೆಂದು ಕಂಬಕ್ಕೆ ಮಾಡಿದ ಮೂತಿ. ಮಕ್ಕಳಿಗಿಂತ ಜಾಸ್ತಿ ಹೊತ್ತು ನಾನೇ ನೋಡುತ್ತಾ ನಿಂತಿದ್ದೆ.

ಭೂಗೋಳ ಮೇಷ್ಟ್ರು:
ಆ ಸೇತುವೆ ಮುಗಿದದ್ದು 1868ರಲ್ಲಿ, ಮೈಸೂರು ಸಂಸ್ಥಾನ ಇನ್ನೂ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿ ಇದ್ದಾಗ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ಕಟ್ಟಿದ್ದು. ಹೊಳೆ ದಾಟಿದರೆ ಆಗ ಮುಂಬಯಿ ಪ್ರಾಂತ್ಯ. ಕಮಾನುಗಳ ಲೆಕ್ಕ ಹಳೇ ಗೆಜೆಟಿಯರುಗಳಲ್ಲಿ, ಅಂದರೆ ಸರ್ಕಾರದ ಜಿಲ್ಲಾ ವಿವರದ ಪುಸ್ತಕಗಳಲ್ಲಿ, ಇದೆ, ಅದಕ್ಕೇ ನಾನು ಇಲ್ಲಿ ಬರೆಯುವುದಿಲ್ಲ. ಆದರೆ ಮನೆಯಲ್ಲೇ ಕೂತು ಗೆಜೆಟಿಯರ್ ತೆಗೆದು ಉತ್ತರ ಹಾಕುವವರು ಇರುತ್ತಾರೆ ಎಂಬುದನ್ನು ಸುಳಿವು ಬರೆಯುವವರು ಯೋಚಿಸಬೇಕು. ಜಾಗಕ್ಕೆ ಹೋಗದೆ ಬಿಡಿಸಲು ಬಂದರೆ ಅದು ದಂಡೆಯ ಸುಳಿವು ಅಲ್ಲ, ಸಾಮಾನ್ಯ ಜ್ಞಾನದ ಪ್ರಶ್ನೆ.

ಕೋಟೆನಾಡು:
ಚಿತ್ರದುರ್ಗದಿಂದ ನಮಸ್ಕಾರ. ನಮ್ಮಲ್ಲೂ ಇಂಥದ್ದು ಮಾಡಬೇಕೆಂದು ಗೆಳೆಯರೆಲ್ಲ ಮಾತಾಡುತ್ತಿದ್ದೇವೆ. ಕೋಟೆಯೊಳಗೆ, ಇಲ್ಲವೇ ಚಂದ್ರವಳ್ಳಿ ಕೆರೆ ಸುತ್ತ ಇಡೋಣ ಅಂತ ಒಬ್ಬರು, ವೇದಾವತಿ ಪಾತ್ರದಲ್ಲಿ ಹಿರಿಯೂರು ಹತ್ತಿರ ಅಂತ ಇನ್ನೊಬ್ಬರು. ನಿಮ್ಮ ಅಭಿಪ್ರಾಯ ಬೇಕು.

ಹೊಳೆಸಾಲು:
ಕೋಟೆಯಲ್ಲಿ ದಯವಿಟ್ಟು ಬೇಡ. ಹರಿಹರೇಶ್ವರ ಗುಡಿಯ ವಿಷಯದಲ್ಲಿ ನಾನೂ ಇದನ್ನೇ ಯೋಚಿಸಿದೆ. 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಕೇಂದ್ರ ಪುರಾತತ್ವ ಇಲಾಖೆ ಕಾಪಾಡುತ್ತಿರುವ ಸ್ಮಾರಕ. ಅದಕ್ಕೇ ಮೊದಲನೇ ಸುಳಿವಿನಲ್ಲಿ ಗುಡಿಗೆ ಹೋಗಿ ಕೈ ಮುಗಿದು ಹೊರಗೆ ಬಾ ಅಂತ ಮಾತ್ರ ಇದೆ. ಅಲ್ಲಿ ಎಣಿಸುವುದು, ಮುಟ್ಟುವುದು, ಸಂದಿಯಲ್ಲಿ ನೋಡುವುದು ಏನೂ ಇಲ್ಲ. ಕಂಬದ ಸಂದಿಯಲ್ಲಿ ಡಬ್ಬಿ ಇರಬಹುದು ಅಂತ ಒಬ್ಬರಿಗೆ ಅನ್ನಿಸಿದರೂ ಸಾಕು, ಎಂಟುನೂರು ವರ್ಷದ ಕಲ್ಲಿನ ಮೇಲೆ ಹತ್ತು ಕೈ ಬೀಳುತ್ತವೆ.

ಹಳೇ ಆಟಗಾರ:
ಇದನ್ನು ಪೂರ್ತಿ ಒಪ್ಪುತ್ತೇನೆ. ಕೋಟೆನಾಡಿನವರಿಗೆ ಬೇರೆ ದಾರಿ ಇದೆ. ಅರ್ತ್ ಕ್ಯಾಶ್ ಅಂತ ಒಂದು ಬಗೆ, 2004ರಲ್ಲಿ ಶುರುವಾಯಿತು. ಅದರಲ್ಲಿ ಡಬ್ಬಿಯೇ ಇರುವುದಿಲ್ಲ. ಜಾಗಕ್ಕೆ ಹೋಗಿ ಅಲ್ಲಿನ ಕಲ್ಲು, ಮಣ್ಣು, ನೆಲದ ರಚನೆ ನೋಡಿ, ಇಟ್ಟವರು ಕೇಳಿದ ಪ್ರಶ್ನೆಗೆ ಉತ್ತರ ಬರೆದು ಕಳಿಸಬೇಕು. ನಿಮ್ಮ ಜಿಲ್ಲೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದ ಹಾಗೆ ಕಾಣುವ ಬಂಡೆಗಳಿವೆ. ಲಾವಾ ನೀರಿನಡಿಯಲ್ಲಿ ಉಕ್ಕಿ, ತಣ್ಣೀರು ತಾಗಿ ಹೊರಮೈ ಗಟ್ಟಿಯಾಗಿ, ಒಂದರ ಮೇಲೊಂದು ಉರುಳಿ ಕೂತದ್ದು. ಸುಮಾರು 250 ಕೋಟಿ ವರ್ಷ ಹಳೆಯವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಈಗ ಮಳೆಗೇ ಬರ ಇರುವ ಆ ನೆಲ ಒಂದು ಕಾಲಕ್ಕೆ ನೀರಿನಡಿ ಇತ್ತು ಅನ್ನುವುದನ್ನು ಮಕ್ಕಳು ಬಂಡೆ ನೋಡಿಯೇ ಕಂಡುಕೊಳ್ಳಬಹುದು.

ಕೋಟೆನಾಡು:
ಮರಡಿಹಳ್ಳಿ! ನಮಗೆ ಹೊಳೆದೇ ಇರಲಿಲ್ಲ. ಧನ್ಯವಾದ ಅಣ್ಣ.

ವೇದಾವತಿ ವಿಷಯ? ಹೆಚ್ಚಿನ ಕಾಲ ಒಣಗಿಯೇ ಇರುತ್ತದೆ. ಉಸುಕಿನ ಮೇಲೆ ಆರಾಮಾಗಿ ನಡೆಯಬಹುದು.

ಭೂಗೋಳ ಮೇಷ್ಟ್ರು:
ಒಣ ಹೊಳೆಯನ್ನು ನಂಬಬೇಡಿ. ವಾಣಿವಿಲಾಸ ಸಾಗರದ ಕಥೆ ನಿಮಗೇ ಗೊತ್ತಲ್ಲ. ಇದೇ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಎರಡು ಮೂರು ತಲೆಮಾರು ಕೋಡಿಯನ್ನೇ ನೋಡಲಿಲ್ಲ. ಇನ್ನು ತುಂಬುವುದಿಲ್ಲ ಅಂತಲೇ ಜನ ಅಂದುಕೊಂಡಿದ್ದರು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಕೆಳಗೆ ಹೊಳೆ ತನ್ನ ಜಾಗಕ್ಕೆ ತಾನು ಬಂತು. ಪಾತ್ರದೊಳಗೆ ಮನೆ, ತೋಟ ಮಾಡಿಕೊಂಡವರು ಕಷ್ಟಪಟ್ಟರು. ಪಾತ್ರದಲ್ಲಿ ಇಟ್ಟ ಡಬ್ಬಿ ಕೊಚ್ಚಿಹೋಗುತ್ತದೆ. ಡಬ್ಬಿ ಹೋದರೆ ಪ್ಲಾಸ್ಟಿಕ್ ಹೊಳೆಗೆ ಸೇರಿತು ಅಂತ ಅರ್ಥ. ಎತ್ತರದ ದಡದಲ್ಲಿ, ಗಟ್ಟಿ ನೆಲದಲ್ಲಿ ಇಡಿ. ಊರಿನ ಹಿರಿಯರನ್ನು ಕೇಳಿ, ನೀರು ಎಲ್ಲಿಯವರೆಗೆ ಬಂದಿತ್ತು ಅಂತ. ಆ ಮಾಹಿತಿ ಯಾವ ನಕ್ಷೆಯಲ್ಲೂ ಇಷ್ಟು ಸರಿಯಾಗಿ ಸಿಗುವುದಿಲ್ಲ.

ಅಡಿಕೆ ಸಿಪ್ಪೆ:
ಎಂಥ ಡಬ್ಬಿ ತಡೆಯುತ್ತದೆ ಹೊಳೆ ದಂಡೆಯಲ್ಲಿ? ನಮ್ಮ ಕಡೆ ಸೂಳೆಕೆರೆ ಏರಿ ಹತ್ತಿರ ಇಡೋಣ ಅಂತ ಮನಸ್ಸಾಗಿದೆ. ಹಳ್ಳ ಅಲ್ಲಿಂದ ಹರಿದು ಹರಿಹರದಲ್ಲೇ ಹೊಳೆ ಸೇರುವುದಲ್ವಾ.

ಹೊಳೆಸಾಲು:
ಹೌದು, ಹರಿದ್ರಾ ಅಂತ ಕರೆಯುವುದು ಅದನ್ನೇ. ಒಳ್ಳೆ ಯೋಚನೆ, ಮಾಡಿ.

ನಾಲ್ಕೂ ಕಡೆ ಕ್ಲಿಪ್ಪು ಬೀಳುವ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ ಡಬ್ಬಿ ತೆಗೆದುಕೊಳ್ಳಿ. ಮನೆಯಲ್ಲಿ ಮೊದಲು ಬಕೆಟ್ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ, ಒಳಗೆ ಕಾಗದ ಹಾಕಿ. ಬೆಳಿಗ್ಗೆ ಕಾಗದ ಒಣಗಿದ್ದರೆ ಸರಿ. ಉಪ್ಪಿನಕಾಯಿ ಡಬ್ಬಿ ಬೇಡ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ, ಮಂಗ ಬಿಡುವುದಿಲ್ಲ. ಪುಸ್ತಕವನ್ನು ಜಿಪ್ ಇರುವ ಕವರಿನಲ್ಲಿ ಹಾಕಿ. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು. ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಗೆರೆ ಉಳಿಯುತ್ತದೆ. ಡಬ್ಬಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ: ಇದು ಆಟದ ಡಬ್ಬಿ, ಒಳಗೆ ಅಪಾಯದ ವಸ್ತು ಇಲ್ಲ, ತೆಗೆದು ನೋಡಬಹುದು, ನೋಡಿ ಅಲ್ಲೇ ಇಡಿ. ಸಾಧ್ಯವಾದರೆ ಡಬ್ಬಿ ಒಳಗಿರುವುದು ಹೊರಗಿಂದಲೇ ಕಾಣುವಂತಿರಲಿ. ಗುರುತಿಲ್ಲದ ಡಬ್ಬಿ ಕಂಡರೆ ಹೆದರಿ ಪೊಲೀಸರಿಗೆ ಹೇಳುವುದು ಜನರ ಕರ್ತವ್ಯ. ಆ ಹೆದರಿಕೆ ಬರದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಬಸ್ ನಿಲ್ದಾಣ, ರೈಲು ಹಳಿ, ಸೇತುವೆಯ ಮೈ, ಕರೆಂಟಿನ ಕಂಬ, ಶಾಲೆ ಕಾಂಪೌಂಡು ಇವುಗಳ ಹತ್ತಿರಕ್ಕೇ ಹೋಗಬೇಡಿ. ಏರಿಯ ಕಲ್ಲನ್ನಂತೂ ಕದಲಿಸಲೇಬೇಡಿ.

ಇನ್ನೊಂದು: ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರ ಬೇಕು ಅಂತ ಆಟದ ನಿಯಮ.

ತುಂಗೆಯ ಮಗಳು:
ಹೋಗುವಾಗ ಒಂದು ಚೀಲ ಒಯ್ಯಿರಿ. ಬರುವಾಗ ದಂಡೆಯ ಪ್ಲಾಸ್ಟಿಕ್ ಹೆಕ್ಕಿಕೊಂಡು ಬನ್ನಿ. ಈ ಆಟ ಆಡುವವರು ಬೇರೆ ದೇಶಗಳಲ್ಲೂ ಇದನ್ನು ರೂಢಿ ಮಾಡಿಕೊಂಡಿದ್ದಾರೆ. ನಮ್ಮ ದಂಡೆಯಲ್ಲಿ ಶಾಂಪೂ ಪೊಟ್ಟಣ, ಹಳೇ ಬಟ್ಟೆ, ಪೂಜೆ ಸಾಮಾನಿನ ಕವರು ಎಷ್ಟು ಹೆಕ್ಕಿದರೂ ಮುಗಿಯುವುದಿಲ್ಲ. ಆದರೂ ಹೆಕ್ಕಿ.

ಪಿಬಿ ರಸ್ತೆ:
ಮೇಷ್ಟ್ರೇ, ನೀವು ಹೇಳಿದ ಹಾಗೆ ಅಂಕಿ ಹಾಕಿದೆ. ಚುಕ್ಕಿ ಈಗ ದಂಡೆಯ ಮೇಲೆ ಬಂದಿದೆ. ಹೊಲದ ಬದುವಿನ ಹತ್ತಿರ ಅಂತ ಕಾಣುತ್ತದೆ. ಬಸವ ಸಿಗದೆ ಮೆಟ್ಟಿಲಿನ ಎಣಿಕೆ ಪಕ್ಕಾ ಆಗುವುದಿಲ್ಲ. ಆದರೂ ತಮ್ಮ ಈಗಲೇ ಹೊರಡೋಣ ಅನ್ನುತ್ತಿದ್ದಾನೆ.

ಗದ್ದೆ ಬದು:
ಬಸವ ಈಗ ನೀರಿನಡಿ ಇದ್ದಾನೆ. ಭದ್ರಾ ಕಡೆಯಿಂದ ನೀರು ಬಿಟ್ಟಿದ್ದಾರೆ. ದೀಪಾವಳಿ ಕಳೆದಮೇಲೆ ತಾನಾಗಿ ಮೇಲೆ ಬರುತ್ತಾನೆ. ಅಲ್ಲಿಯವರೆಗೆ ಕೈ ಹಾಕಿ ತಡಕುವ ಕೆಲಸ ಯಾರೂ ಮಾಡಬಾರದು.

ಹೊಳೆಸಾಲು:
ಮೇಷ್ಟ್ರ ಮಾತು, ಗದ್ದೆ ಬದು ಅವರ ಮಾತು ಎರಡನ್ನೂ ಸೇರಿಸಿ ಮೂರನೇ ಸುಳಿವನ್ನು ಬೇರೆ ಬರೆದಿದ್ದೇನೆ. ಮೆಟ್ಟಿಲಿನ ಒಗಟು ಹೋಯಿತು. ಹೊಸದರ ಉತ್ತರ ಗೆಜೆಟಿಯರಿನಲ್ಲಿ ಸಿಗುವುದಿಲ್ಲ, ಇಂಟರ್ನೆಟ್ಟಿನಲ್ಲೂ ಸಿಗುವುದಿಲ್ಲ. ದಂಡೆಯ ಮೇಲೆ ಇರುವವರನ್ನು ಮಾತಾಡಿಸಿದರೆ ಮಾತ್ರ ಸಿಗುತ್ತದೆ. ಮನೆಯವರಿಗೆಲ್ಲ ಹೇಳಿ, ಅವರು ಒಪ್ಪಿದ ಮೇಲೆಯೇ ಹಾಕುತ್ತಿದ್ದೇನೆ.

ಮೂರು:
ಹೊಳೆ ಮನೆಗೆ ಬಂದ ವರ್ಷ
ಗೋಡೆ ಮೇಲೆ ಗೆರೆ ಎಳೆದು ಹೋಯಿತು.
ಗೆರೆ ಯಾರ ಮನೆಯದು, ಕೇಳು.
ನೆಲದಿಂದ ಎಷ್ಟು ಗೇಣು, ಅವರೇ ಹೇಳಲಿ.

ಸಿಕ್ಕ ಗೇಣಿನ ಲೆಕ್ಕವನ್ನು ಏಳರಿಂದ ಗುಣಿಸಿ, ಎರಡನೇ ಲೆಕ್ಕ ಕೂಡಿಸಿ. ಡಬ್ಬಿ ಜಾಗ ಹಾಗೇ ಇದೆ, ಲೆಕ್ಕ ಅದಕ್ಕೆ ಸರಿಯಾಗಿ ಕೂರುವಂತೆ ಅಂಕಿಗಳನ್ನು ಹೊಂದಿಸಿದ್ದೇನೆ. ಗೇಣು ಒಬ್ಬೊಬ್ಬರದು ಒಂದೊಂದು ಉದ್ದ, ಹಾಗಾಗಿ ನೀವು ಅಳೆಯಬೇಡಿ. ಅವರು ಹೇಳಿದ್ದೇ ಲೆಕ್ಕ.

ಹಳೇ ಆಟಗಾರ:
ಜನರನ್ನು ಮಾತಾಡಿಸದೆ ಬಿಡಿಸಲಾಗದ ಸುಳಿವನ್ನು ನಾನು ಇದುವರೆಗೆ ನೋಡಿಲ್ಲ. ಇದಕ್ಕಾಗಿ ಬೆಂಗಳೂರಿನಿಂದ ಬರುತ್ತೇನೆ. ಡಬ್ಬಿ ಇರುವ ಜಾಗ ಮಾತ್ರ ಯಾರೂ ತೋರಿಸಬಾರದು, ಅಷ್ಟು ನಡೆಸಿಕೊಡಿ.

ಗದ್ದೆ ಬದು:
ತೋರಿಸುವುದಿಲ್ಲ. ಬರುವವರಿಗೆ ಎರಡು ಮಾತು: ಬೆಳಿಗ್ಗೆ ಬನ್ನಿ, ಕತ್ತಲಾದಮೇಲೆ ಬೇಡ. ಗದ್ದೆಗೆ ನೀರು ಕಟ್ಟಿದ್ದರೆ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ, ಜಾರುತ್ತದೆ. ನಾಯಿ ಕಟ್ಟಿರುತ್ತೇವೆ. ಅಪ್ಪ ಮನೆಯಲ್ಲೇ ಇರುತ್ತಾರೆ, ಆದರೆ ಮಧ್ಯಾಹ್ನ ಊಟ ಆದಮೇಲೆ ಒಂದು ಗಂಟೆ ಮಲಗುತ್ತಾರೆ, ಆ ಹೊತ್ತು ಬಿಟ್ಟು ಬನ್ನಿ.

ಪಿಬಿ ರಸ್ತೆ:
ಈ ಭಾನುವಾರ ಮೊದಲ ಬಸ್ಸಿಗೆ ಬರುತ್ತೇವೆ. ಪುಸ್ತಕದಲ್ಲಿ ಹಾಳೆ ಉಳಿದಿದೆಯಾ ಅಕ್ಕ, ಹೊಸದು ತರಬೇಕಾ?

ಹೊಳೆಸಾಲು:
ಉಳಿದಿದೆ. ಪೆನ್ಸಿಲ್ ಮೊಂಡಾಗಿರಬಹುದು, ಒಂದು ಮೆಂಡರ್ ತನ್ನಿ.